ಸಹಾಯ ಬೇಕು: ಬೈಕ್ ಕನ್ನಡಿಯಲ್ಲಿ ನನ್ನ ಮೊಣಕೈ ಬಿಟ್ಟು ಏನೂ ಕಾಣ್ತಿಲ್ಲ

ಎಲ್ರಿಗೂ ನಮಸ್ಕಾರ. ದಿನಾ ನೆಲಮಂಗಲದಿಂದ ಪೀಣ್ಯಕ್ಕೆ 150 ಸಿಸಿ ಬೈಕಲ್ಲಿ ಓಡಾಡ್ತೀನಿ. ತುಮಕೂರು ರಸ್ತೆ ಗೊತ್ತಲ್ಲ, ಲಾರಿ, ಬಸ್ಸು ಎರಡೂ ಕಡೆಯಿಂದ ನುಗ್ತವೆ. ನನಗೋ ಎರಡೂ ಕನ್ನಡಿಯಲ್ಲಿ ಅರ್ಧ ಭಾಗ ಜಾಕೆಟ್ ತೋಳೇ. ಹಿಂದೆ ನೋಡ್ಬೇಕು ಅಂದ್ರೆ ಕೋಳಿ ರೆಕ್ಕೆ ಮಡಚಿದ ಹಾಗೆ ಮೊಣಕೈ ಒಳಕ್ಕೆ ಎಳ್ಕೋಬೇಕು.

ಸೆಂಟರ್ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ಹಾಕ್ಕೊಂಡು ಕೂತು, ತಮ್ಮನ್ನ ಹಿಂದೆ ನಿಲ್ಲಿಸಿ ಸೆಟ್ ಮಾಡ್ದೆ. ಕೆಳಗಿನ ಲಾಕ್ ನಟ್ ಸಡಿಲಿಸಿ ಕನ್ನಡಿಯ ಕಂಬಿನೇ ಹೊರಕ್ಕೆ ತಿರುಗಿಸ್ದೆ. ಸ್ವಲ್ಪ ಪರವಾಗಿಲ್ಲ. ಆದ್ರೆ 60 ದಾಟಿದ್ರೆ ನಡುಕಕ್ಕೆ ಎಲ್ಲಾ ಕಲಸಿಹೋಗುತ್ತೆ.

ಆಮೇಲೆ ಅಂಟಿಸೋ ಚಿಕ್ಕ ದುಂಡು ಕನ್ನಡಿ ತಂದೆ. ಅಗಲವಾಗೇನೋ ಕಾಣುತ್ತೆ, ಆದ್ರೆ ಉಬ್ಬು ಗಾಜಲ್ವಾ, ಪಕ್ಕಕ್ಕೇ ಬಂದ ಲಾರಿ ಎಲ್ಲೋ ದೂರದಲ್ಲಿದೆ ಅನ್ಸುತ್ತೆ. ಮೊನ್ನೆ ಲೇನ್ ಬದಲಿಸುವಾಗ ಜೀವ ಬಾಯಿಗೆ ಬಂತು, ಅವತ್ತೇ ಕಿತ್ತು ಬಿಸಾಕಿದೆ. ಗೆಳೆಯನ ಯಮಹಾ ಕನ್ನಡಿ ಹಾಕಿ ನೋಡೋಣ ಅಂದ್ರೆ ಅದರ ಬಲಗಡೆಯದು ಉಲ್ಟಾ ಥ್ರೆಡ್ (ಎಡಕ್ಕೆ ತಿರುಗಿಸಿ ಬಿಗಿ ಮಾಡೋದು), ಕೂರ್ಲಿಲ್ಲ. ನನ್ನದು ಎರಡೂ ಕಡೆ 10 ಎಂಎಂ ಮಾಮೂಲಿ ಥ್ರೆಡ್.

ಈಗ ಅಂಗಡಿಯವರು ಎರಡು ತೋರಿಸ್ತಾರೆ: ಇರೋ ಕನ್ನಡಿಯನ್ನೇ ಇನ್ನಷ್ಟು ಹೊರಕ್ಕೆ ಚಾಚೋ ತುಂಡು, ಅಂದ್ರೆ ಎಕ್ಸ್‌ಟೆಂಡರ್, ಇಲ್ಲಾ ಹ್ಯಾಂಡಲ್ ತುದಿಗೆ ಹಾಕೋ ಬಾರ್ ಎಂಡ್ ಕನ್ನಡಿ. ಎರಡನೆಯದು ಜಾಲಹಳ್ಳಿ ಕ್ರಾಸ್ ಸಂದಿಯಲ್ಲಿ ಯಾವುದಾದ್ರೂ ಆಟೋಗೆ ತಗಲೋದು ಗ್ಯಾರಂಟಿ ಅಂತ ನನ್ನ ಭಯ.

ಎಕ್ಸ್‌ಟೆಂಡರ್ ಬಳಸಿದವರು ಹೇಳಿ: 60-70ರ ವೇಗದಲ್ಲಿ ನಡುಕ ಇನ್ನೂ ಜಾಸ್ತಿ ಆಗುತ್ತಾ? ಆಗೋದಾದ್ರೆ ಬಾರ್ ಎಂಡ್‌ಗೇ ಹೋಗ್ಲಾ?