ಮೂರು ಕಾಲಂಗಳಿಗೂ ಇಂಡೆಕ್ಸ್ ಇದ್ದರೂ ಕ್ವೆರಿ ನಿಧಾನವೇಕೆ?

ಪ್ರಶ್ನೆ:
ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿರುವ ನಮ್ಮ ಆರ್ಡರ್ ಟೇಬಲ್‌ನಲ್ಲಿ ಗ್ರಾಹಕ ಐಡಿ, ಸ್ಥಿತಿ ಮತ್ತು ದಿನಾಂಕ ಎಂಬ ಮೂರು ಕಾಲಂಗಳಿಗೂ ಬೇರೆ ಬೇರೆ ಇಂಡೆಕ್ಸ್‌ಗಳಿವೆ (ಸಾಲುಗಳನ್ನು ಬೇಗ ಹುಡುಕಲು ನೆರವಾಗುವ ಸೂಚಿಗಳು). ಆದರೂ ಒಬ್ಬ ಗ್ರಾಹಕರ ಬಾಕಿ ಆರ್ಡರ್‌ಗಳ ಪೈಕಿ ಕಳೆದ 30 ದಿನಗಳವನ್ನು, ಹೊಸದು ಮೊದಲು ಬರುವಂತೆ ತೆಗೆಯುವ ಕ್ವೆರಿ ನಿಧಾನವಾಗಿದೆ. ಇನ್ನೊಂದು ಇಂಡೆಕ್ಸ್ ಸೇರಿಸಿದರೆ ಇನ್ಸರ್ಟ್‌ಗಳೂ (ಹೊಸ ಸಾಲು ಸೇರಿಸುವುದು) ನಿಧಾನವಾಗಬಹುದೆಂಬ ಅಳುಕಿದೆ. ಏನು ಮಾಡುವುದು ಸೂಕ್ತ?

ಉತ್ತರ 1:
ಮೂರು ಇಂಡೆಕ್ಸ್‌ಗಳು ಸೇರಿ ಒಂದು ಒಳ್ಳೆಯ ಇಂಡೆಕ್ಸ್ ಆಗುವುದಿಲ್ಲ. ಪೋಸ್ಟ್‌ಗ್ರೆಸ್ ಅವುಗಳನ್ನು ಬಿಟ್‌ಮ್ಯಾಪ್ (ಷರತ್ತಿಗೆ ಹೊಂದುವ ಸಾಲುಗಳ ಗುರುತುಪಟ್ಟಿ) ಮೂಲಕ ಜೋಡಿಸಬಲ್ಲದಾದರೂ, ಹಾಗೆ ಜೋಡಿಸಿದಾಗ ಇಂಡೆಕ್ಸ್‌ನ ಕ್ರಮ ಉಳಿಯದೆ ಸಾಲುಗಳನ್ನು ಮತ್ತೆ ವಿಂಗಡಿಸಬೇಕಾಗುತ್ತದೆ. ಗ್ರಾಹಕ ಐಡಿ, ಸ್ಥಿತಿ, ದಿನಾಂಕ ಇದೇ ಕ್ರಮದಲ್ಲಿ ಒಂದು ಸಂಯುಕ್ತ ಇಂಡೆಕ್ಸ್ ರಚಿಸಿ. ಪೋಸ್ಟ್‌ಗ್ರೆಸ್‌ನ ಸಾಮಾನ್ಯ ಬಗೆಯಾದ ಬಿ-ಟ್ರೀ ಇಂಡೆಕ್ಸ್‌ನಲ್ಲಿ ನಮೂದುಗಳು ಮೊದಲ ಕಾಲಂನಂತೆ, ಅದು ಸಮನಾದಾಗ ಎರಡನೆಯದರಂತೆ ಜೋಡಣೆಗೊಂಡಿರುತ್ತವೆ. ಆದ್ದರಿಂದ ಸಮಾನತೆಯ ಷರತ್ತಿರುವ ಕಾಲಂಗಳು ಮುಂದೆ, ವ್ಯಾಪ್ತಿಯ ಷರತ್ತಿರುವ ದಿನಾಂಕ ಕೊನೆಗೆ ಇದ್ದರೆ, ಬೇಕಾದ ನಮೂದುಗಳೆಲ್ಲ ಒಂದೇ ಕಡೆ ಸಾಲಾಗಿ ಸಿಗುತ್ತವೆ. ಅದನ್ನೇ ಕೊನೆಯಿಂದ ಮೊದಲಿಗೆ ಓದಿದರೆ ಹೊಸದು ಮೊದಲು ಬರುತ್ತದೆ.

ಹೆಚ್ಚು ಭಿನ್ನ ಮೌಲ್ಯಗಳಿರುವ ಕಾಲಂ ಮೊದಲಿರಬೇಕೆಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಎರಡೂ ಕಾಲಂಗಳಿಗೆ ಸಮಾನತೆಯ ಷರತ್ತೇ ಇರುವಾಗ ಆ ಮಾತಿಗೆ ಹೆಚ್ಚು ತೂಕವಿಲ್ಲ. ಗ್ರಾಹಕ ಐಡಿಯನ್ನು ಮುಂದಿಡುವ ನಿಜವಾದ ಕಾರಣವೆಂದರೆ, ಗ್ರಾಹಕರನ್ನು ಮಾತ್ರ ಹುಡುಕುವ ಇತರ ಕ್ವೆರಿಗಳಿಗೂ ಇದೇ ಇಂಡೆಕ್ಸ್ ಸಾಕಾಗುತ್ತದೆ. ಆಗ ಆ ಕಾಲಂನ ಹಳೆಯ ಒಂಟಿ ಇಂಡೆಕ್ಸ್ ಬಹುಮಟ್ಟಿಗೆ ಅನವಶ್ಯಕ.

ಉತ್ತರ 2:
ಸ್ಥಿತಿಯ ಒಂಟಿ ಇಂಡೆಕ್ಸ್ ಕೂಡ ಅನುಮಾನಾಸ್ಪದವೇ. ಬೆರಳೆಣಿಕೆಯ ಮೌಲ್ಯಗಳಿರುವ ಕಾಲಂನಲ್ಲಿ ಸಾಮಾನ್ಯ ಮೌಲ್ಯವೊಂದನ್ನು ಹುಡುಕುವಾಗ ಪ್ಲಾನರ್ (ಕ್ವೆರಿ ನಡೆಸುವ ದಾರಿಯನ್ನು ಆರಿಸುವ ಭಾಗ) ಇಡೀ ಟೇಬಲನ್ನೇ ಓದುವುದುಂಟು, ಅದು ಸರಿಯೂ ಹೌದು. ಬಾಕಿ ಆರ್ಡರ್‌ಗಳು ತೀರಾ ಕಡಿಮೆಯಿದ್ದರೆ, ಅವುಗಳನ್ನಷ್ಟೇ ಒಳಗೊಳ್ಳುವ ಭಾಗಶಃ ಇಂಡೆಕ್ಸನ್ನು ಗ್ರಾಹಕ ಐಡಿ ಮತ್ತು ದಿನಾಂಕದ ಮೇಲೆ ರಚಿಸಿ; ಅದು ಚಿಕ್ಕದಾಗಿರುತ್ತದೆ, ಉಳಿದ ಸ್ಥಿತಿಗಳ ಸಾಲುಗಳಿಗೆ ಅದರಲ್ಲಿ ನಮೂದೇ ಇರುವುದಿಲ್ಲ. ಅಂದ ಹಾಗೆ, ಷರತ್ತಿನಲ್ಲಿ ದಿನಾಂಕದ ಕಾಲಂಗೆ ಫಂಕ್ಷನ್ ಸುತ್ತಿದ್ದರೆ ಸಾಮಾನ್ಯ ಇಂಡೆಕ್ಸ್ ಆ ಷರತ್ತಿಗೆ ಒದಗುವುದಿಲ್ಲ. ಕಾಲಂ ಅನ್ನು ಹಾಗೆಯೇ ಬಿಟ್ಟು ಹೋಲಿಸಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಬಾಕಿ ಆರ್ಡರ್‌ಗಳು ನಿಜಕ್ಕೂ ಕಡಿಮೆ, ಫಂಕ್ಷನ್ ಬಳಸಿಲ್ಲ. ಹಳೆಯ ಇಂಡೆಕ್ಸ್‌ಗಳನ್ನು ಈಗಲೇ ತೆಗೆಯಬಹುದೇ?

ಉತ್ತರ 1:
ಆತುರ ಬೇಡ. ಭಾಗಶಃ ಇಂಡೆಕ್ಸನ್ನು ಆರಿಸಿದರೆ ಗ್ರಾಹಕ ಐಡಿಯ ಇಂಡೆಕ್ಸ್ ಉಳಿಯಲೇಬೇಕು, ಏಕೆಂದರೆ ಉಳಿದ ಸ್ಥಿತಿಗಳ ಆರ್ಡರ್‌ಗಳನ್ನು ಗ್ರಾಹಕ ಐಡಿಯಿಂದ ನೇರವಾಗಿ ಅದೊಂದೇ ಹುಡುಕಿಕೊಡಬಲ್ಲದು. ಹೊಸದನ್ನು ಕನ್ಕರೆಂಟ್ಲಿ ಆಯ್ಕೆಯೊಂದಿಗೆ ರಚಿಸಿದರೆ ಬರವಣಿಗೆಗಳು ತಡೆಯಿಲ್ಲದೆ ನಡೆಯುತ್ತವೆ. ನಂತರ, ಕ್ವೆರಿ ನಡೆದ ದಾರಿಯನ್ನು ತೋರಿಸುವ ಎಕ್ಸ್‌ಪ್ಲೇನ್ ಅನಲೈಜ಼್ ಆದೇಶದಲ್ಲಿ ಪ್ಲಾನ್ ಬದಲಾಗಿದೆಯೇ ನೋಡಿ. ತಿಂಗಳಾಂತ್ಯದ ವರದಿಗಳೂ ಒಮ್ಮೆ ಓಡಿದ ಮೇಲೆ, ಇಂಡೆಕ್ಸ್ ಅಂಕಿಅಂಶಗಳಲ್ಲಿ ಸ್ಕ್ಯಾನ್ ಸಂಖ್ಯೆ ಏರದೆ ನಿಂತಿರುವುದನ್ನು ಮಾತ್ರ ತೆಗೆಯಿರಿ. ಓದಲು ರೆಪ್ಲಿಕಾ (ಡೇಟಾಬೇಸ್‌ನ ಪ್ರತಿ ಇರುವ ಇನ್ನೊಂದು ಸರ್ವರ್) ಬಳಸುತ್ತಿದ್ದರೆ ಅಲ್ಲಿನ ಎಣಿಕೆಯನ್ನು ಪ್ರತ್ಯೇಕವಾಗಿ ನೋಡಬೇಕು. ಯುನೀಕ್ ಇಂಡೆಕ್ಸ್‌ಗಳ ಎಣಿಕೆ ಸೊನ್ನೆಯಿದ್ದರೂ ಮುಟ್ಟಬೇಡಿ. ಅವು ನಕಲು ಮೌಲ್ಯಗಳನ್ನು ತಡೆಯುತ್ತಿರುತ್ತವೆ.