ಡಲ್ಲಾಸಾ, ಟೊರಾಂಟೊನಾ? ಅಳಿಯನ ಸಂಬಳದ ಲೆಕ್ಕ ಬಗೆಹರಿಯುತ್ತಿಲ್ಲ

ಶಿಡ್ಲಘಟ್ಟದ ರೀಲರ್:
ನನ್ನದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಸಣ್ಣ ರೀಲಿಂಗ್ ಘಟಕ. ಅಳಿಯನಿಗೆ ಅಮೆರಿಕದ ಡಲ್ಲಾಸ್‌ನಲ್ಲೂ ಕೆನಡಾದ ಟೊರಾಂಟೊದಲ್ಲೂ ಕೆಲಸ ಸಿಕ್ಕಿದೆ. ಮಗಳು ಈಗ ನಾಲ್ಕು ತಿಂಗಳ ಬಸುರಿ. ಗೂಡಿನ ರೇಟು ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲೇ ಲೆಕ್ಕ ಹಾಕಿದೆ. ಟೆಕ್ಸಾಸ್‌ನಲ್ಲಿ ರಾಜ್ಯದ ವರಮಾನ ತೆರಿಗೆಯೇ ಇಲ್ಲ, ಕೇಂದ್ರದ್ದು ಮಾತ್ರ. ಟೊರಾಂಟೊದಲ್ಲಿ ಕೇಂದ್ರಕ್ಕೂ ಕಟ್ಟಬೇಕು, ಒಂಟಾರಿಯೊ ಪ್ರಾಂತ್ಯಕ್ಕೂ ಕಟ್ಟಬೇಕು. ಅಂಗಡಿಗೆ ಹೋದರೆ ಮತ್ತೆ ಶೇ 13 ಮಾರಾಟ ತೆರಿಗೆ. ಡಲ್ಲಾಸೇ ವಾಸಿ ಅಲ್ವಾ? ಮಗಳು ಮಾತ್ರ, "ಅಪ್ಪ, ನೀನು ನೂಲಿನ ರೇಟು ನೋಡ್ತೀಯ, ರೆಂಡಿಟ್ಟಾ ನೋಡಲ್ಲ" ಅಂತಾಳೆ. (ಒಂದು ಕೆಜಿ ನೂಲು ಎಷ್ಟು ಕೆಜಿ ಗೂಡು ತಿಂದಿತು ಅನ್ನುವ ಲೆಕ್ಕ ಅದು.)

ತಿಪಟೂರಿನವನು, ಈಗ ಒಂಟಾರಿಯೊ:
ಮಗಳು ಹೇಳಿದ್ದೇ ಸರಿ ಸಾರ್. ಕನಿಷ್ಠ 6 ತಿಂಗಳ ಪೂರ್ಣಾವಧಿ ಕೆಲಸ ಇದ್ದರೆ ವರ್ಕ್ ಪರ್ಮಿಟ್‌ನವರಿಗೂ, ಹೆಂಡತಿಗೂ ಪ್ರಾಂತ್ಯ ಸರ್ಕಾರದ ಆರೋಗ್ಯ ವಿಮೆಯ ಓಹಿಪ್ ಕಾರ್ಡ್ ಸಿಗುತ್ತದೆ. ಹೆರಿಗೆಗೆ ಬಿಲ್ ಇಲ್ಲ. ನಾನು ಕಟ್ಟಿದ್ದು ಪಾರ್ಕಿಂಗ್ ದುಡ್ಡು ಮಾತ್ರ. ಹಾಗಂತ ಎಲ್ಲಾ ಪುಕ್ಕಟೆ ಅಂದುಕೊಳ್ಳಬೇಡಿ. ಹಲ್ಲು, ಕನ್ನಡಕ, ಮೆಡಿಕಲ್ ಸ್ಟೋರಿನ ಮಾತ್ರೆ ಅದರಲ್ಲಿ ಬರಲ್ಲ, ಕಂಪನಿ ವಿಮೆ ಬೇಕು. ಸ್ಪೆಷಲಿಸ್ಟ್ ಹತ್ತಿರ ಹೋಗಲು ತಿಂಗಳುಗಟ್ಟಲೆ ಕಾಯುವುದು ಮಾಮೂಲು. ಮಕ್ಕಳ ಭತ್ಯೆಯೂ ವರ್ಕ್ ಪರ್ಮಿಟ್‌ನವರಿಗೆ 18 ತಿಂಗಳು ಕಳೆದ ಮೇಲೆಯೇ.

ತುಮಕೂರಿಗೆ ವಾಪಸ್:
ನಾನು 7 ವರ್ಷ ಟೆಕ್ಸಾಸ್‌ನಲ್ಲಿದ್ದೆ. ಕೈಗೆ ಬರುವ ಸಂಬಳ ಜಾಸ್ತಿ, ನಿಜ. ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಹಾಕಬಹುದು. ಒಬ್ಬರೇ ದುಡಿಯುವ ಮನೆಗೆ ಅದು ಒಳ್ಳೆ ಉಳಿತಾಯ. ಕೆನಡಾದಲ್ಲಿ ನಮ್ಮ ಹಾಗೇ ಬೇರೆ ಬೇರೆ.

ಆದರೆ ಕಂಪನಿ ವಿಮೆ ಇದ್ದೂ ಒಂದು ಹೆರಿಗೆಗೆ ಬಿಲ್ಲಿನ ನಾಲ್ಕು ಲಕೋಟೆ ಬಂದವು. ಆಸ್ಪತ್ರೆಯದ್ದು, ಹೆರಿಗೆ ಡಾಕ್ಟರದ್ದು, ಅರಿವಳಿಕೆಯವರದ್ದು, ಮಗುವಿನ ಡಾಕ್ಟರದ್ದು. ಕೊನೆಯದು ಬರುವಷ್ಟರಲ್ಲಿ ಮಗು ಬೋರಲು ಬೀಳುತ್ತಿತ್ತು! ಸಂಬಳದಲ್ಲಿ ಶೇ 6.2 ಸೋಶಿಯಲ್ ಸೆಕ್ಯುರಿಟಿಗೆ, ಅಂದ್ರೆ ಅಲ್ಲಿನ ಸರ್ಕಾರಿ ಪಿಂಚಣಿಗೆ ಹಿಡಿದರು. 10 ವರ್ಷ ತುಂಬಲಿಲ್ಲ, ಪಿಂಚಣಿಯೂ ಇಲ್ಲ. ಎರಡೂ ದೇಶದಲ್ಲಿ ದುಡಿದ ವರ್ಷಗಳನ್ನು ಪಿಂಚಣಿಗೆ ಸೇರಿಸಿ ಲೆಕ್ಕ ಹಾಕುವ ಒಪ್ಪಂದ ಕೆನಡಾ ಜೊತೆ ಭಾರತಕ್ಕೆ 2015ರಿಂದ ಇದೆ, ಅಮೆರಿಕದ ಜೊತೆ ಇಲ್ಲ.

ಚಿಂತಾಮಣಿ ಅಕ್ಕ:
ಬಾಣಂತನಕ್ಕೆ ಅಮ್ಮ ಹೋಗುತ್ತಾರಾ? ವಿಸಿಟರ್ ವೀಸಾದವರಿಗೆ ಎರಡೂ ಕಡೆ ಸರ್ಕಾರದ ಆರೋಗ್ಯ ವಿಮೆ ಸಿಗಲ್ಲ. ವಿಮೆ ಮಾಡಿಸುವಾಗ ಬಿಪಿ, ಶುಗರ್ ಮುಚ್ಚಿಡಬೇಡಿ.

ಶಿಡ್ಲಘಟ್ಟದ ರೀಲರ್:
ನಮ್ಮ ಮನೆಯವರಿಗೆ ಬಿಪಿ ಇದೆ ಅಕ್ಕ. ಅದನ್ನು ಪುಸ್ತಕದಲ್ಲಿ ಬರೆದೇ ಇರಲಿಲ್ಲ. ನಾಲ್ಕು ಲಕೋಟೆ ವಿಷಯ ಓದಿ ಹೇಳಿದೆ, ಮಗಳು ಸುಮ್ನೆ ನಕ್ಕಳು. ಅಳಿಯಂದಿರು ಇನ್ನೂ ಡಲ್ಲಾಸ್ ಅಂತಲೇ ಇದ್ದಾರೆ, ಶುಕ್ರವಾರದೊಳಗೆ ಉತ್ತರ ಕೊಡಬೇಕಂತೆ. ತಿಪಟೂರಿನವರೇ, ಆ 18 ತಿಂಗಳು ಮಗು ಹುಟ್ಟಿದ ಮೇಲಿಂದನಾ, ಇವರು ಹೋಗಿ ಇಳಿದ ದಿನದಿಂದನಾ?