ಅಪ್‌ಡೇಟ್: ಮೂಳೆಯೊಳಗೆ ಸಿಕ್ಕಿಕೊಂಡಿದ್ದ ಬುದ್ಧಿಹಲ್ಲಿಗೆ ಕೊನೆಗೆ ಏನು ಮಾಡಿದರು

ಕೆಳದವಡೆಯ ಮೂಳೆಯಲ್ಲಿ ಓರೆಯಾಗಿ ಹೂತುಹೋದ ಬುದ್ಧಿಹಲ್ಲನ್ನು ಪೂರ್ತಿ ತೆಗೆಸಲೇಬೇಕಾ, ಬೇರೆ ದಾರಿ ಇದೆಯಾ ಅಂತ ಕೇಳಿದ್ದೆ ಅಲ್ವಾ? ಸರ್ಜರಿ ಆಯಿತು. ಪೂರ್ತಿ ತೆಗೆಯಲಿಲ್ಲ, ಕೊರೊನೆಕ್ಟಮಿ ಮಾಡಿದರು. ಅಂದರೆ ಹಲ್ಲಿನ ತಲೆ ಮಾತ್ರ ತೆಗೆದು ಬೇರನ್ನು ಅಲ್ಲೇ ಬಿಟ್ಟರು.

ಮಾಮೂಲಿ ಎಕ್ಸ್‌ರೇಯಲ್ಲಿ ಬೇರು ನರದ ಕಾಲುವೆಯ (ಕೆಳತುಟಿ, ಗದ್ದಕ್ಕೆ ಸ್ಪರ್ಶ ಕೊಡುವ ನರ ದವಡೆಯ ಮೂಳೆಯೊಳಗೆ ಹಾದುಹೋಗುವ ದಾರಿ) ಮೇಲೆ ಬಿದ್ದ ಹಾಗೆ ಕಾಣುತ್ತಿತ್ತು. ಆದರೆ ಅದು ಚಪ್ಪಟೆ ಚಿತ್ರ, ನಿಜವಾಗಿ ತಾಗಿದೆಯಾ ಅಂತ ಹೇಳುವುದು ಕಷ್ಟ. ಸಿಬಿಸಿಟಿ ಸ್ಕ್ಯಾನ್ (ದವಡೆಯನ್ನು 3ಡಿಯಲ್ಲಿ ತೋರಿಸುವ ಎಕ್ಸ್‌ರೇ) ಮಾಡಿಸಿದಾಗ ಎರಡರ ನಡುವೆ ಮೂಳೆಯೇ ಇಲ್ಲ ಅಂತ ಗೊತ್ತಾಯಿತು. ಬೇರು ಕಿತ್ತರೆ ಕೆಳತುಟಿ, ಗದ್ದ ಮರಗಟ್ಟುವ ಅಪಾಯ ಜಾಸ್ತಿ, ಅಪರೂಪಕ್ಕೆ ಅದು ಹಾಗೇ ಉಳಿದುಬಿಡುತ್ತದೆ.

ಕೆನ್ನೆ ಕಡೆಯಿಂದ ವಸಡು ಬಿಡಿಸಿ, ಮೂಳೆ ಬಿಸಿಯಾಗದಂತೆ ಸಲೈನ್ ಬಿಡುತ್ತಾ ಸ್ವಲ್ಪ ಮೂಳೆ ಕೊರೆದು, ಹಲ್ಲಿನ ತಲೆ ಕತ್ತರಿಸಿ, ಉಳಿದ ಬೇರನ್ನು ಮೂಳೆಯ ಅಂಚಿಗಿಂತ ಸುಮಾರು 3 ಮಿ.ಮೀ. ಕೆಳಗಿನವರೆಗೆ ತೇಯ್ದು ಹೊಲಿಗೆ ಹಾಕಿದರು. ನೋವಿರಲಿಲ್ಲ. ಡ್ರಿಲ್ ಸದ್ದು ಮಾತ್ರ ಬುರುಡೆಯೊಳಗೇ ಗುಂಯ್‌ಗುಡುತ್ತದೆ, ಅದಕ್ಕೆ ಯಾವ ಇಂಜೆಕ್ಷನ್ನೂ ಇಲ್ಲ!

ಇದು ಎಲ್ಲರಿಗೂ ಹೊಂದುವುದಿಲ್ಲ. ಬೇರಲ್ಲಿ ಸೋಂಕಿದ್ದರೆ ಅಥವಾ ಹಲ್ಲು ಮೊದಲೇ ಅಲುಗಾಡುತ್ತಿದ್ದರೆ ಪೂರ್ತಿ ತೆಗೆಯಬೇಕಾಗುತ್ತದೆ. ಕತ್ತರಿಸುವಾಗ ಬೇರು ಸಡಿಲವಾದರೂ ಅಷ್ಟೇ. ಅದಕ್ಕೇ ಕೊರೊನೆಕ್ಟಮಿ, ಪೂರ್ತಿ ತೆಗೆಯುವುದು ಎರಡಕ್ಕೂ ಮೊದಲೇ ಸಹಿ ಹಾಕಿಸಿಕೊಂಡರು. ನಿಮ್ಮ ಡಾಕ್ಟರ್ ಕೊರೊನೆಕ್ಟಮಿಯ ಮಾತು ಎತ್ತದಿದ್ದರೆ ನೀವೇ ಕೇಳಿ.

ಈಗ ಊತ ಇಳಿದಿದೆ, ತುಟಿಯ ಸ್ಪರ್ಶ ಸರಿಯಾಗಿದೆ. ಬಿಟ್ಟ ಬೇರು ನಿಧಾನಕ್ಕೆ ಮೇಲೆ ಸರಿಯಬಹುದಂತೆ. ತೊಂದರೆ ಕೊಟ್ಟರೆ ಆಗ ತೆಗೆಯುತ್ತಾರೆ, ಅಷ್ಟರಲ್ಲಿ ಅದು ಸಾಮಾನ್ಯವಾಗಿ ನರದಿಂದ ದೂರ ಬಂದಿರುತ್ತದೆ. ಹಾಗಾಗಿ ಆಗಾಗ ಎಕ್ಸ್‌ರೇ ತೆಗೆಸಬೇಕು.